ಶಾಂತವ್ವನ ಕಾಲಿನ ಹಗ್ಗ

ಈ ಕತೆಯನ್ನು ಮೊದಲು ಹೇಳಿದ್ದು ನಮ್ಮೂರ ಆಸ್ಪತ್ರೆಯ ನರ್ಸ್ ಫಿಲೋಮಿನಾ.

ಹಾವಿನ ವಿಷಕ್ಕೆ ಕೊಡುವ ಮದ್ದಿನ ಸೀಸೆಯೊಂದು ಅಲ್ಲಿನ ಫ್ರಿಜ್ಜಿನಲ್ಲಿ ಸಂಗಡಿಗರ ಜೊತೆ ಕಾದು ಕಾದು ಬೇಸತ್ತಿತ್ತು. ಬೆಳಿಗ್ಗೆ ಹಾವು ಕಚ್ಚಿದ ಶಾಂತವ್ವನನ್ನು, ಕಾಲಿಗೆ ಹಗ್ಗ ಬಿಗಿದು, ಮಂತ್ರ ಹಾಕಿಸಿ, ಸಂಜೆಗೆ ಹೊತ್ತು ತಂದರು.

"ವಿಷ ಏರದ ಹಾಗೆ ದಿನವಿಡೀ ಹಿಡಿದಿದ್ದೇನೆ, ನೋಡಕ್ಕಾ!" ಎಂದು ಹಗ್ಗ ಸೀಸೆಯೆದುರು ಬೀಗಿತು.

"ನೀನು ಹಿಡಿದದ್ದು ರಕ್ತವನ್ನು ಕಣಪ್ಪಾ. ನಿನ್ನನ್ನು ನಂಬಿಯೇ ಇವರು ಇಷ್ಟು ತಡ ಮಾಡಿದ್ದು," ಎಂದ ಸೀಸೆ, ಸಂಗಡಿಗರ ಜೊತೆ ಸೇರಿ ತನ್ನಲ್ಲಿದ್ದದ್ದನ್ನೆಲ್ಲ ಅವಳ ಮೈಗೆ ಬಸಿದುಕೊಟ್ಟಿತು.

ಶಾಂತವ್ವ ಉಳಿದಳು, ಕಾಲು ಉಳಿಯಲಿಲ್ಲ.

"ಹಗ್ಗ ಕಟ್ಟಿದ್ದಕ್ಕೇ ಜೀವ ಉಳೀತು," ಎಂದು ಗಂಡ ಅದನ್ನು ಜೋಪಾನವಾಗಿ ಮನೆಗೆ ಒಯ್ದ. ಖಾಲಿ ಸೀಸೆ ಕಸದ ಬುಟ್ಟಿಯಿಂದ ನೋಡುತ್ತಿತ್ತು.

ಹೊಲಕ್ಕೆ ಹೋಗುವವರು ಸಿಕ್ಕರೆ ಇದನ್ನು ಹೇಳಿಬಿಡಿ. ಹಗ್ಗ ಇನ್ನೂ ಶಾಂತವ್ವನ ಮನೆಯ ಗೂಟದಲ್ಲೇ ಇದೆ.