ಭೂಮಿಯ ತೂಕ

"ಭೂಮಕ್ಕಾ, ನಿನ್ನ ತೂಕ ಇಳೀತಾ ಇದೆಯಂತೆ?" ಎಂದ ನೆರೆಯ ಮಂಗಳ. ತನ್ನ ಗಾಳಿ, ನೀರು ಕಳೆದುಕೊಂಡು ಬೋಳಾದವನಿಗೆ ಜೊತೆಗೊಬ್ಬರು ಬೇಕಿತ್ತು.

"ನಿಜ ಕಣಪ್ಪ. ಆಕಾಶದ ದೂಳು ಬಂದು ಸೇರುತ್ತೆ. ಅದಕ್ಕಿಂತ ಹೆಚ್ಚು ಜಲಜನಕ ಬಿಟ್ಟು ಹೋಗುತ್ತೆ."

"ಹಾಗಾದರೆ ನಿನ್ನ ಕಡಲೂ ಹೋಯಿತು ಅಂತಲೇ ತಿಳಿ!"

ಅಷ್ಟರಲ್ಲಿ ಕಡಲಿನ ಹನಿಯೊಂದು ಆವಿಯಾಗಿ ಮೇಲೇರಿತು. ಹೊರಟು ನಿಂತಿದ್ದ ಜಲಜನಕ ಅದನ್ನು ಕರೆಯಿತು: "ಬಾರೇ, ಈ ಮುದುಕಿಯ ಮನೆ ಸಾಕು. ಹೊರಗೆ ಎಷ್ಟು ದೊಡ್ಡ ಲೋಕವಿದೆ!"

ಆವಿಗೂ ಆಸೆಯಾಗಿ ಇನ್ನಷ್ಟು ಏರಿತು. ಮಂಗಳ ಕಣ್ಣರಳಿಸಿ ನೋಡಿದ. ಆದರೆ ಅಲ್ಲಿ ಭೂಮಿ ಮೇಲ್ಗಾಳಿಯಲ್ಲಿ ಹಾಸಿಟ್ಟಿದ್ದ ಚಳಿಯ ಪದರ ಅಡ್ಡ ಬಂತು. ಆವಿ ಗಡಗಡ ನಡುಗಿ ಮಂಜಿನ ಹರಳಾಯಿತು, ಭಾರವಾಯಿತು, ಕರಗಿ ಹನಿಯಾಗಿ ಲಕ್ಷಾಂತರ ಒಡಹುಟ್ಟಿದವರ ಜೊತೆ ಕಡಲಿಗೇ ಧುಮುಕಿತು. ಜಲಜನಕ ಒಂಟಿಯಾಗಿ ಹೊರಟಿತು.

ಭೂಮಿ ಗಹಗಹಿಸಿ ನಕ್ಕಳು. "ತೂಕ ಇಳಿದರೆ ಇಳಿಯಲಿ ಬಿಡೋ ತಮ್ಮಾ! ಕುದಿಯುವ ಪಾತ್ರೆಯ ಮೇಲೆ ತಣ್ಣೀರು ತುಂಬಿದ ತಟ್ಟೆ ಮುಚ್ಚಿಟ್ಟಿದ್ದೀನಿ. ಘಮ ಹೋಗುತ್ತೆ, ಸಾರು ಉಳಿಯುತ್ತೆ. ನೀನೋ, ಪಾತ್ರೆ ತೆರೆದಿಟ್ಟು ಊರು ಸುತ್ತಿದೆ."

ಮಂಗಳನ ಕಣ್ಣು ಅವಳ ಕಡಲ ಮೇಲೆ ನೆಟ್ಟಿತ್ತು. ತನ್ನಲ್ಲಿ ಎಷ್ಟೋ ಯುಗಗಳ ಹಿಂದೆ ನಿಂತುಹೋದ ಮಳೆಯನ್ನು ಅವನು ನೋಡುತ್ತಿದ್ದ.