ಕತ್ತಲೆ ಕೋಣೆಯ ಚುಕ್ಕಿಗಳು

ಅಣುಬೋಧಾನಂದ ಸ್ವಾಮಿಗಳು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿಗೆ ಬಂದರು. ಆ ಕಟ್ಟಡ ಕಟ್ಟಿಸಿಕೊಟ್ಟವರೇ ಅವರು. ಪ್ರೊಫೆಸರು ರಜೆಯಲ್ಲಿದ್ದರು. ಇದ್ದವನು ಅಟೆಂಡರ್ ಕರಿಬಸಪ್ಪ ಒಬ್ಬನೇ.

“ಬೆಳಕಿನ ಕಣಗಳು ನನ್ನ ಮಂತ್ರ ಕೇಳುತ್ತವೆ ಅಂತ ಲ್ಯಾಬಿನ ಪುಸ್ತಕದಲ್ಲಿ ಬರಿ. ಇಲ್ಲದಿದ್ದರೆ ನಾಳೆಯಿಂದ ನಿನಗೆ ಕೆಲಸವಿಲ್ಲ.”

“ನೋಡಿಯೇ ಬರೀತೀನಿ ಬುದ್ಧೀ,” ಎಂದು ಕರಿಬಸಪ್ಪ ಅವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕಿನ ಕಣಗಳನ್ನು ಒಂದೊಂದಾಗಿ ಎರಡು ಸೀಳುಗಳ ಮೂಲಕ ಪರದೆಗೆ ಬಿಡುವ ಯಂತ್ರ ಹಚ್ಚಿದ.

ಸ್ವಾಮಿಗಳು ಮಂತ್ರ ಶುರುಮಾಡಿದರು. ಪರದೆಯ ಮೇಲೆ ಬೆಳಕಿನ ಚುಕ್ಕಿಗಳು ಒಂದೊಂದಾಗಿ ಬಿದ್ದವು. ಒಂದು ಬಿದ್ದಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಆದರೂ ಎಲ್ಲ ಸೇರಿ ಸಾಲುಸಾಲು ಪಟ್ಟೆಗಳಾದವು.

“ನೋಡಿದೆಯಾ?”

“ನೋಡಿದೆ ಬುದ್ಧೀ. ಈಗ ಸ್ವಲ್ಪ ಮಂತ್ರ ನಿಲ್ಲಿಸಿ.”

ಸ್ವಾಮಿಗಳು ನಿಲ್ಲಿಸಿದರು. ಚುಕ್ಕಿಗಳು ನಿಲ್ಲಲಿಲ್ಲ. ತಮ್ಮ ತಮ್ಮ ಜಾಗ ಯಾರೋ ಹೇಳಿಕೊಟ್ಟಂತೆ, ಸದ್ದಿಲ್ಲದೆ ಅದೇ ಪಟ್ಟೆಗಳಲ್ಲಿ ಬೀಳುತ್ತಲೇ ಇದ್ದವು.

ಸ್ವಾಮಿಗಳು ಕರಿಬಸಪ್ಪನ ಹತ್ತಿರಕ್ಕೆ ಸರಿದರು. “ಇವಕ್ಕೆ ಹೇಳುತ್ತಿರೋರು ಯಾರಪ್ಪಾ?” ಎಂದು ಪಿಸುಗುಟ್ಟಿದರು.

“ಪ್ರೊಫೆಸರಿಗೂ ಗೊತ್ತಿಲ್ಲ ಬುದ್ಧೀ. ಹದಿನೆಂಟು ವರ್ಷದಿಂದ ಅವರೂ ಇಲ್ಲೇ ಕೂತು ಅದನ್ನೇ ಕೇಳ್ತಾರೆ.”

ಕರಿಬಸಪ್ಪ ಲ್ಯಾಬಿನ ಪುಸ್ತಕ ತೆರೆದ.

“ಪುಸ್ತಕದಲ್ಲಿ ಏನು ಬರೀಲಿ?”

“ವಿಜ್ಞಾನಕ್ಕೂ ಗೊತ್ತಿಲ್ಲ, ಸ್ವಾಮಿಗಳಿಗೂ ಗೊತ್ತಿಲ್ಲ ಅಂತ ಬರಿ,” ಎಂದರು ಸ್ವಾಮಿಗಳು. “ಅದಕ್ಕೆ ಮೊದಲು ಲೈಟು ಹಾಕಪ್ಪಾ.”