ಸಾಸಿವೆ ಮೊಗ್ಗಿನ ಗಂಟುಗಳು

ಕೇಳಿ ಮಕ್ಕಳೇ, ಒಂದು ಸಾಸಿವೆ ಹೂವಿನ ಮೊಗ್ಗಿನೊಳಗೆ ಒಂದು ರಾಜ್ಯವಿತ್ತು. ಅಷ್ಟು ಪುಟ್ಟ ಜಾಗದಲ್ಲೂ ರಾಜ, ಮಂತ್ರಿ, ಜಗಳ ಎಲ್ಲ ಇತ್ತು.

ಆ ರಾಜ್ಯದ ಆಸ್ತಿಯೆಂದರೆ ಮೂರು ಜೋಡಿ ಎಳೆಗಳು. ಒಂದು ಉದ್ದದ ಜೋಡಿ, ಒಂದು ನಡುವಿನ ಜೋಡಿ, ಒಂದು ಗಿಡ್ಡ ಜೋಡಿ. ಪ್ರತಿ ಜೋಡಿಯಲ್ಲೂ ಒಂದು ಎಳೆ ತಾಯಿ ಕಡೆಯದು, ಇನ್ನೊಂದು ತಂದೆ ಕಡೆಯದು. ಪರಾಗ ಆಗುವ ಮುಂಚೆ ಅವು ಮೈಗೆ ಮೈ ತಾಗಿಸಿ ಮಲಗಿ, ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತಿದ್ದವು. ಬದಲಾದ ಕಡೆ ಒಂದು ಗಂಟು. ಆಮೇಲೆ ಜೋಡಿ ಬಿಡಿಸಲು ರಾಜನ ಕಡೆಯವರು ಎರಡು ದಿಕ್ಕಿನಿಂದ ಎಳೆಯುವರು. ಗಂಟಿದ್ದ ಜೋಡಿ ಬಿಗಿಯಾಗಿ ನಿಂತು, ಆಮೇಲೆ ಒಂದೊಂದು ಎಳೆ ಸರಿಯಾಗಿ ಒಂದೊಂದು ಮನೆ ಸೇರುತ್ತಿತ್ತು. ಗಂಟಿಲ್ಲದ್ದು ದಿಕ್ಕು ತಪ್ಪುತ್ತಿತ್ತು, ಪರಾಗ ಜೊಳ್ಳಾಗುತ್ತಿತ್ತು.

ಗಂಟು ಹಾಕಿಸುವವಳು ಮುದುಕಿ ತಾಯಮ್ಮ. ಅವಳ ಆಳುಗಳ ಕೈಯಲ್ಲಿ ಚಿಟಿಕೆ ಚಿಟಿಕೆ ಅಂಟು. ಒಂದು ಗಂಟಿಗೆ ಬೇಕಾದ್ದು ಒಂದು ಹಿಡಿ.

ಮಂತ್ರಿ ಕೆಂಚಯ್ಯನ ಮನೆ ಉದ್ದದ ಜೋಡಿಯ ತುದಿಯಲ್ಲಿತ್ತು. ಗಂಟೆಲ್ಲ ಅಲ್ಲೇ ಬಿದ್ದು, ಹೊಸ ತುಂಡೆಲ್ಲ ತನ್ನ ಬಾಗಿಲಿಗೇ ಬರಲೆಂದು ಅವನಾಸೆ. ಪಾನಕ ಕೊಡುತ್ತೇನೆಂದು ಉದ್ದದ ಜೋಡಿಯ ಆಳುಗಳನ್ನು ಕರೆದ, ಬಂದರು. ನಡುವಿನ ಜೋಡಿಯ ಆಳುಗಳನ್ನು ಕರೆದ, ಬಂದರು. ಗಿಡ್ಡ ಜೋಡಿಯವರನ್ನೂ ಬಿಡಲಿಲ್ಲ.

"ಅಜ್ಜೀ, ನಮಗೆ ಒಂದು ಗಂಟೂ ಇಲ್ವಾ?" ಎಂದು ಗಿಡ್ಡ ಎಳೆಗಳು ಅತ್ತವು. ತಾಯಮ್ಮ "ಅಳಬೇಡ್ರಪ್ಪ, ನಾನಿದ್ದೀನಿ" ಎಂದು ತಲೆ ಸವರಿ, ಮಂತ್ರಿಯ ಮನೆಗೆ ಹೋದಳು.

"ಎಲ್ಲ ಗಂಟೂ ಇಲ್ಲೇ ಆಗ್ಲಿ ಬುದ್ಧಿ. ಆದ್ರೆ ನಮ್ಮ ಪದ್ಧತಿ ಬಿಡಕ್ಕಾಗಲ್ಲ. ಪಕ್ಕದವನ ಅಂಟಿನ ಉಂಡೆ ದೊಡ್ಡದಿದ್ರೆ, ಚಿಕ್ಕದಿರೋನು ತನ್ನದನ್ನ ಅವನಿಗೇ ಕೊಡಬೇಕು" ಎಂದಳು.

"ಕೊಡ್ಲಿ ಬಿಡು, ಅದಕ್ಕೇನಂತೆ!" ಎಂದ ಕೆಂಚಯ್ಯ.

ಆಳುಗಳು ಮೊಣಕೈಗೆ ಮೊಣಕೈ ತಾಗುವಂತೆ ನಿಂತಿದ್ದರು. ಇವನು ಅವನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ ಕೊಟ್ಟ, ಮತ್ತೊಬ್ಬ ಮಗದೊಬ್ಬನಿಗೆ. ಕೊನೆಗೆ ಎಲ್ಲರ ಕೈ ಖಾಲಿ, ಒಬ್ಬನ ಕೈಯಲ್ಲಿ ಮಾತ್ರ ಕುಂಬಳಕಾಯಿಯಷ್ಟು ಉಂಡೆ. ಅಂಟಿದ್ದವನು ಒಬ್ಬನೇ, ಅವನು ಹಾಕಿದ್ದೂ ಒಂದೇ ಗಂಟು! ಗದ್ದಲ ಕೇಳಿ ಬಂದಿದ್ದ ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಂಚಯ್ಯನ ಮುಖ ಹುಳ್ಳಗಾಯಿತು.

ಆ ಉಂಡೆಯಲ್ಲಿ ಮಿಕ್ಕ ಅಂಟನ್ನೆಲ್ಲ ತಾಯಮ್ಮ ಮಡಿಲಿಗೆ ಹಾಕಿಕೊಂಡಳು. "ದೂರ ದೂರ ನಿಲ್ರಪ್ಪ, ಪಕ್ಕದಲ್ಲಿ ಯಾರೂ ಇಲ್ದಿದ್ರೆ ಕೊಡೋ ಮಾತೂ ಇಲ್ಲ" ಎಂದು ಆಳುಗಳನ್ನು ಕಳಿಸಿದಳು. ಉದ್ದದ ಜೋಡಿಯ ಇನ್ನೊಂದು ತುದಿಗೆ ಒಂದು ಹಿಡಿ ಕೊಟ್ಟಳು, ನಡುವಿನ ಜೋಡಿಗೆ ಒಂದು ಹಿಡಿ. ಗಿಡ್ಡ ಜೋಡಿಗೆ ತಾನೇ ಕೂತು ಗಂಟು ಹಾಕಿದಳು.

ಎಳೆಯುವ ಹೊತ್ತು ಬಂತು. ಗಿಡ್ಡ ಜೋಡಿಯ ಗಂಟು ಗಟ್ಟಿಯಾಗಿ ನಿಂತಿತು, ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು.

"ಹೋಗಿ ಬರ್ತೀನಿ. ನಿನ್ನ ಒಂದು ತುಂಡು ನನ್ನ ಹತ್ರ ಇದೆ" ಎಂದಿತು ಒಂದು ಎಳೆ.

"ನಿಂದೂ ನನ್ನ ಹತ್ರ ಇದೆ, ಜೋಪಾನ" ಎಂದಿತು ಇನ್ನೊಂದು.

ತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸಲ ಮೊಗ್ಗಿನಲ್ಲಿ ಒಂದು ಕಾಳು ಪರಾಗವೂ ಜೊಳ್ಳಾಗಲಿಲ್ಲ.

ತಿಳೀತಾ ಮಕ್ಕಳೇ? ಎಲ್ಲವೂ ತನ್ನ ಬಾಗಿಲಿಗೇ ಬರಲಿ ಎಂದವನಿಗೆ ದಕ್ಕಿದ್ದು ಒಂದೇ. ದೂರ ದೂರ ಹಂಚಿದ್ದಕ್ಕೆ ಎಲ್ಲರಿಗಿಂತ ಚಿಕ್ಕವರಿಗೂ ಸಿಕ್ಕಿತು. ನೀವೂ ಹಾಗೇ ಹಂಚಿಕೊಳ್ಳಿ.